ಪನ್ನ ಅಗಲವಾಯಿತು, ಎಳೆ ಹೆಚ್ಚಲಿಲ್ಲ

ಪ್ರಶ್ನೆ: ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಈಗ ಚಿತ್ರದುರ್ಗದಲ್ಲಿ ರೇಷ್ಮೆ ಸೀರೆಯ ಸಣ್ಣ ಅಂಗಡಿ ಇಟ್ಟಿದ್ದೇವೆ. ಸೀರೆಗಳ ಫೋಟೊ ನಾನೇ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳಿಗೆ ಕಳಿಸುತ್ತೇನೆ. ಬಿಡುವಿದ್ದಾಗ ಕೋಟೆಯ ಬಳಿ ಮದುವೆ ಜೋಡಿಗಳ ಫೋಟೊ ತೆಗೆಯುವುದೂ ಉಂಟು. ಮೂರು ತಿಂಗಳ ಹಿಂದೆ 27 ಇಂಚಿನ 4ಕೆ ಮಾನಿಟರ್ ಕೊಂಡೆ. ಪೆಟ್ಟಿಗೆಯ ಮೇಲೆ ‘10 ಬಿಟ್, 107 ಕೋಟಿ ಬಣ್ಣ, ಪಿ3 ಶೇ 95’ ಎಂದಿತ್ತು. ಅಂದಿನಿಂದ ಎರಡು ತಲೆನೋವು. ಒಂದು, ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ಹಳೆಯ ಮಾನಿಟರಿನಲ್ಲಿ ಹೀಗೆ ಕಾಣುತ್ತಿರಲಿಲ್ಲ. ಎರಡು, ಸೀರೆಯ ಕೆಂಪು ಫೋಟೊ ತೋರಿಸುವ ಸಾಫ್ಟ್‌ವೇರಿನಲ್ಲಿ ಕೆಂಡದಂತೆ, ಫೋಟೊಶಾಪ್‌ನಲ್ಲಿ ಬೇರೆಯಾಗಿ, ಗಿರಾಕಿಯ ಫೋನಿನಲ್ಲಿ ಇನ್ನೂ ಬೇರೆಯಾಗಿ ಕಾಣುತ್ತದೆ. ಈ ಮದುವೆ ಹಂಗಾಮಿನಲ್ಲಿ ನಾಲ್ಕು ಸೀರೆಗಳು ‘ಬಣ್ಣ ಬೇರೆ’ ಎಂದು ವಾಪಸ್ ಬಂದವು. ವಿಂಡೋಸ್‌ನ ಡಿಸ್‌ಪ್ಲೇ ವಿವರದಲ್ಲಿ ನೋಡಿದರೆ ‘8 ಬಿಟ್’ ಎಂದಿದೆ. ಮಾರಿದವರನ್ನು ಕೇಳಿದರೆ, ‘ಇದು ನಿಜವಾದ 10 ಬಿಟ್ ಅಲ್ಲ, ಎಪ್ಪತ್ತು ಸಾವಿರದ್ದು ಕೊಳ್ಳಿ, ಜೊತೆಗೆ ವೃತ್ತಿಪರರ ಗ್ರಾಫಿಕ್ಸ್ ಕಾರ್ಡ್ ಬೇಕು’ ಎನ್ನುತ್ತಾರೆ. ಎರಡು ಫೈಲ್ ಲಗತ್ತಿಸಿದ್ದೇನೆ. ಏನು ಮಾಡಲಿ, ಸರ್?

ಉತ್ತರ: ಎಪ್ಪತ್ತು ಸಾವಿರವನ್ನು ಸದ್ಯ ಬ್ಯಾಂಕಿನಲ್ಲೇ ಇರಲು ಬಿಡಿ. ನಿಮ್ಮ ಎರಡು ತಲೆನೋವುಗಳು ಒಂದೇ ಕಾಯಿಲೆಯವಲ್ಲ, ಎರಡಕ್ಕೂ ಹೊಸ ಮಾನಿಟರ್ ಮದ್ದೂ ಅಲ್ಲ. ಆಕಾಶದ ಪಟ್ಟೆ ಬಿಟ್‌ಗಳ ವಿಷಯ. ಸೀರೆಯ ಕೆಂಪು ಬಣ್ಣದ ಹರವಿನ ವಿಷಯ. ಪೆಟ್ಟಿಗೆಯ ಮೇಲೆ ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕುವುದರಿಂದ ಅವು ಅಣ್ಣತಮ್ಮಂದಿರು ಎಂಬ ಭ್ರಮೆ ಹುಟ್ಟುತ್ತದೆ. ದಾವಣಗೆರೆಯಲ್ಲಿ ಮದುವೆ ಆಲ್ಬಂ ವಿನ್ಯಾಸ ಮತ್ತು ಮುದ್ರಣಕ್ಕೆ ಮೊದಲಿನ ಬಣ್ಣ ತಿದ್ದುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷ ದಾಟಿದ್ದೇನೆ. ನನ್ನಲ್ಲಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೆಂದು ತಿಳಿದವರದೇ.

ಮಗ್ಗದ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಮಾನಿಟರಿನ ಬಣ್ಣದ ಹರವು (ಅದು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ) ಎಂದರೆ ಬಟ್ಟೆಯ ಪನ್ನ, ಅದರ ಅಗಲ. ಬಿಟ್ ಎಂದರೆ ಆ ಪನ್ನದ ಹಾಸಿನಲ್ಲಿರುವ ಎಳೆಗಳ ಲೆಕ್ಕ. 8 ಬಿಟ್ ಇದ್ದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಎಳೆ; 10 ಬಿಟ್ ಇದ್ದರೆ 1,024. ಪನ್ನವನ್ನು ಅಗಲ ಮಾಡಿ ಎಳೆಯನ್ನು ಹೆಚ್ಚಿಸದಿದ್ದರೆ ಏನಾಗುತ್ತದೆಂದು ನಿಮ್ಮ ತಂದೆಯವರನ್ನು ಕೇಳಿ. ಬಟ್ಟೆ ಜಾಳಾಗುತ್ತದೆ. ಪರದೆಯಲ್ಲಿ ಆ ಜಾಳೇ ಪಟ್ಟೆಯಾಗಿ ಕಾಣುವುದು.

ನಾವು ದಿನವೂ ಬಳಸುವ ಕಿರಿದಾದ ಪನ್ನದ ಹೆಸರು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟದ್ದು, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆಗಿನ ದಪ್ಪ ಗಾಜಿನ ಮಾನಿಟರುಗಳು ತೋರಿಸಬಲ್ಲ ಬಣ್ಣಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮಾಡಿದ್ದು. ನಿಮ್ಮ ಮಾನಿಟರಿನ ಪಿ3 ಸಿನಿಮಾ ಪ್ರೊಜೆಕ್ಟರುಗಳ ಲೋಕದಿಂದ ಬಂದದ್ದು, ಅದಕ್ಕಿಂತ ಸುಮಾರು ಕಾಲು ಭಾಗ ಅಗಲ. ಮುದ್ರಣದವರು ಮೆಚ್ಚುವ ಅಡೋಬಿ ಆರ್‌ಜಿಬಿ ಇನ್ನೊಂದು ದಿಕ್ಕಿಗೆ ಚಾಚಿಕೊಂಡಿದೆ. ಪಿ3 ಕೆಂಪು, ಕಿತ್ತಳೆಯ ಕಡೆ ವಾಲಿದರೆ ಇದು ಹಸಿರು ಮತ್ತು ನೀಲಿಹಸಿರಿನ ಕಡೆ ವಾಲುತ್ತದೆ. ಸೀರೆ ಮಾರುವವರಿಗೆ ಈ ವ್ಯತ್ಯಾಸ ಮುಖ್ಯ, ಮುಂದೆ ಬರುತ್ತೇನೆ.

ಈಗ ನಿಮ್ಮ ಮೊದಲ ಫೈಲ್. ಕೋಟೆಯ ಬುರುಜು, ಅದರ ಹಿಂದೆ ಕೇಸರಿಯಿಂದ ನೇರಳೆಗೆ ತಿರುಗುವ ಬಾನು, ಮುಂದೆ ಜೋಡಿ. ಚಿತ್ರ ಚೆನ್ನಾಗಿದೆ. ಯಾವ ಮಟ್ಟದ ಬೆಳಕಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮ್ ತೆರೆದೆ. ಬೆಟ್ಟದಂತೆ ತುಂಬಿಕೊಂಡು ಇರಬೇಕಾದದ್ದು ಹಲ್ಲು ಉದುರಿದ ಹಣಿಗೆಯಂತೆ ಕಾಣುತ್ತಿತ್ತು: ಒಂದು ಗೆರೆ, ಪಕ್ಕದಲ್ಲಿ ಖಾಲಿ, ಮತ್ತೊಂದು ಗೆರೆ, ಮತ್ತೆ ಖಾಲಿ. ಫೈಲಿನ ವಿವರ ನೋಡಿದರೆ ಕಾರಣ ಅಲ್ಲೇ ಬರೆದಿತ್ತು. ಬಣ್ಣದ ಹರವು ‘ಪ್ರೊಫೋಟೊ’, ಆಳ ‘8 ಬಿಟ್’. ಪ್ರೊಫೋಟೊ ಎಷ್ಟು ಅಗಲವೆಂದರೆ ಅದರ ಒಂದು ಭಾಗ ಮನುಷ್ಯನ ಕಣ್ಣು ಕಾಣಬಲ್ಲ ಬಣ್ಣಗಳಿಂದಲೇ ಆಚೆ ಹೋಗಿದೆ. ಅಷ್ಟು ಅಗಲದ ಪನ್ನಕ್ಕೆ ನೀವು ಹಾಸಿದ್ದು 256 ಎಳೆ. ಯಾರೋ ‘ದೊಡ್ಡದನ್ನೇ ಆರಿಸು’ ಎಂದಿರಬೇಕು. ಆ ಸಲಹೆ ತಪ್ಪಲ್ಲ, ಅರ್ಧ ಮಾತ್ರ. ದೊಡ್ಡ ಹರವನ್ನು 16 ಬಿಟ್‌ನ ಜೊತೆಗೇ ಆರಿಸಬೇಕು.

ಅದರ ಮೇಲೆ ಮತ್ತೆರಡು ಕೈಚಳಕ ನಡೆದಿದೆ. ಅಂದಾಜು ಹೇಳುತ್ತೇನೆ. ನಿಮ್ಮ ಚಿತ್ರದಲ್ಲಿ ಆಕಾಶದ ಎತ್ತರ ಸುಮಾರು 1,200 ಪಿಕ್ಸೆಲ್. ಆ ಉದ್ದಕ್ಕೂ ನೀಲಿಯ ಮೌಲ್ಯ 150ರಿಂದ 190ಕ್ಕೆ ಏರುತ್ತದೆ ಎನ್ನಿ. ಅಂದರೆ 40 ಮೆಟ್ಟಿಲು, ಒಂದೊಂದು 30 ಪಿಕ್ಸೆಲ್ ಅಗಲ. ನೀವು ಬೆಳಕು ನೆರಳು ತಿದ್ದುವ ಕರ್ವ್ಸ್ ಎಳೆದು ಬಾನಿಗೆ ನಾಟಕೀಯತೆ ತಂದಿದ್ದೀರಿ. ಆ 40 ಮೆಟ್ಟಿಲುಗಳೇ ಈಗ 100ರ ಎತ್ತರ ಹತ್ತಬೇಕು. ಒಂದೊಂದು ಹೆಜ್ಜೆಗೂ ಎರಡು ಮೂರು ಅಂಕದ ನೆಗೆತ. ಕಣ್ಣಿಗೆ ಅದು ಗೆರೆಯಾಗಿ ಹೊಡೆಯುತ್ತದೆ. ಆಮೇಲೆ ನಾಯ್ಸ್ ತೆಗೆಯುವ ಸ್ಲೈಡರನ್ನು ಕೊನೆಯವರೆಗೂ ಎಳೆದಿದ್ದೀರಿ. ಕ್ಯಾಮೆರಾದ ಆ ಸಣ್ಣ ಕಾಳುಕಾಳು ನಾವು ಬೈಯುವಷ್ಟು ಕೆಟ್ಟದ್ದಲ್ಲ. ಮೆಟ್ಟಿಲುಗಳ ಅಂಚನ್ನು ಚೂರುಚೂರು ಕೆದರಿ ಮರೆಮಾಚುವುದು ಅದೇ. ಅದನ್ನು ಒರೆಸಿ ಹಾಕಿದ ಮೇಲೆ ಅಂಚು ಬೆತ್ತಲಾಯಿತು.

ಹೊಸ ಮಾನಿಟರಿನಲ್ಲೇ ಏಕೆ ಕಂಡಿತು? ಅದರ ಬೆಳಕು ಹೆಚ್ಚು, ಪರದೆ ದೊಡ್ಡದು, ಹಳೆಯದು ತೋರಿಸಲಾಗದೆ ಒಂದೇ ಬಣ್ಣಕ್ಕೆ ಕುಗ್ಗಿಸಿಬಿಡುತ್ತಿದ್ದ ಕೇಸರಿಗಳನ್ನು ಇದು ಬೇರೆಬೇರೆಯಾಗಿ ತೋರಿಸುತ್ತದೆ. ಮಾನಿಟರ್ ತಪ್ಪು ಮಾಡಿಲ್ಲ, ಚಾಡಿ ಹೇಳಿದೆ ಅಷ್ಟೇ.

ನಿಮ್ಮ ಕ್ಯಾಮೆರಾದ ರಾ ಫೈಲ್, ಅಂದರೆ ತಿದ್ದದ ಮೂಲ ಫೈಲ್, 14 ಬಿಟ್‌ನದು. ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು. ಮೂಲದಲ್ಲಿ ಎಳೆಗೇನೂ ಬರವಿಲ್ಲ. ಅದನ್ನೇ ಮತ್ತೆ ತೆರೆಯಿರಿ, ಲೈಟ್‌ರೂಮ್‌ನಿಂದ ಫೋಟೊಶಾಪ್‌ಗೆ ಹೋಗುವ ಸೆಟ್ಟಿಂಗಿನಲ್ಲಿ 16 ಬಿಟ್ ಆರಿಸಿ, ಕರ್ವ್ಸ್ ಮುಂತಾದ ಎಳೆದಾಟವನ್ನೆಲ್ಲ ಅಲ್ಲೇ ಮುಗಿಸಿ, ಆಕಾಶದ ನಾಯ್ಸನ್ನು ಅರ್ಧಕ್ಕೆ ಬಿಡಿ. ಜೆಪೆಗ್ ಮಾಡುವ ಕೊನೆಯ ಗಳಿಗೆಯಲ್ಲಿ ಮಾತ್ರ ಎಸ್‌ಆರ್‌ಜಿಬಿ, 8 ಬಿಟ್‌ಗೆ ಇಳಿಸಿ. ಆಗಲೂ ಗೆರೆ ಕಂಡರೆ ಬಾನಿಗೆ ಒಂದು ಚಿಟಿಕೆ ಗ್ರೇನ್ ಹಾಕಿ. ಇನ್ನೊಂದು ಮಾತು: ಗೆರೆ ಇದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಶೇ 100 ಜೂಮ್‌ನಲ್ಲಿ ಮಾತ್ರ ಮಾಡಿ. ಚಿತ್ರವನ್ನು ಕುಗ್ಗಿಸಿ ನೋಡುವಾಗ ಫೋಟೊಶಾಪ್ ತೋರಿಸುವುದು ತರಾತುರಿಯ ಮುನ್ನೋಟ. ಅದರಲ್ಲಿ ಇಲ್ಲದ ಗೆರೆಗಳೂ ಕಾಣುತ್ತವೆ.

ಇನ್ನು ‘ನಿಜವಾದ 10 ಬಿಟ್ ಅಲ್ಲ’ ಎಂಬ ಮಾತು. ಅದು ನಿಜವೇ ಇರಬಹುದು, ಆದರೆ ಅಂಜಬೇಕಾದ ನಿಜವಲ್ಲ. 10 ಬಿಟ್ ಎಂದು ಮಾರುವ ಅನೇಕ ಮಾನಿಟರುಗಳ ಒಳಗಿನ ಗಾಜು 8 ಬಿಟ್‌ನದೇ. ಉಳಿದ ಎರಡು ಬಿಟ್ಟನ್ನು ಎಫ್‌ಆರ್‌ಸಿ ಎಂಬ ಉಪಾಯದಿಂದ ತುಂಬುತ್ತಾರೆ. 100 ಮತ್ತು 101ರ ನಡುವಿನ ಕಾಲು ಮೆಟ್ಟಿಲು ಬೇಕಾದರೆ ಮೂರು ಸಲ 100, ಒಂದು ಸಲ 101 ಎಂದು ಅತಿ ವೇಗದಲ್ಲಿ ಮಿನುಗಿಸಿದರಾಯಿತು; ಕಣ್ಣು ಸರಾಸರಿ ಹಿಡಿದುಕೊಳ್ಳುತ್ತದೆ. ನಾನು ಎರಡು ಬಗೆಯವನ್ನೂ ಪಕ್ಕಪಕ್ಕ ಇಟ್ಟು ಕೆಲಸ ಮಾಡಿದ್ದೇನೆ. ಮದುವೆ ಫೋಟೊದಲ್ಲಿ ವ್ಯತ್ಯಾಸ ಹುಡುಕಿ ಹೇಳು ಎಂದರೆ ಸೋಲುತ್ತೇನೆ. ಅನುಮಾನ ಪಡಬೇಕಾದದ್ದು 6 ಬಿಟ್ ಗಾಜಿಗೆ ಇದೇ ಉಪಾಯ ಹೊಲಿದು 8 ಬಿಟ್ ಎನ್ನುವ ಅಗ್ಗದ ಪರದೆಗಳನ್ನು. ಅಲ್ಲಿ ಇರುವ ಅಸಲಿ ಮೆಟ್ಟಿಲು 64 ಮಾತ್ರ.

107 ಕೋಟಿ ಎಂಬ ಸಂಖ್ಯೆಯಂತೂ ಜಾಹೀರಾತಿನ ಮಾತು. 1,024ನ್ನು ಮೂರು ಸಲ ಗುಣಿಸಿದರೆ ಬರುವ ಲೆಕ್ಕ ಅದು, ಗಣಿತ ಸರಿಯಾಗಿದೆ. ಆದರೆ ನಿಮ್ಮ 4ಕೆ ಪರದೆಯಲ್ಲಿ ಇರುವುದೇ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ ಒಂದೊಂದು ಬಣ್ಣ ಹಚ್ಚಿದರೂ 8 ಬಿಟ್‌ನ 1 ಕೋಟಿ 67 ಲಕ್ಷದಲ್ಲೇ ಅರ್ಧ ಉಳಿದುಬಿಡುತ್ತದೆ.

ವಿಂಡೋಸ್ ‘8 ಬಿಟ್’ ಎನ್ನುವುದಕ್ಕೆ ಬಹುಶಃ ತಂತಿ ಕಾರಣ. ಎಚ್‌ಡಿಎಂಐ 2.0ರಲ್ಲಿ ಚಿತ್ರಕ್ಕೆ ಸಿಗುವ ಜಾಗ ಸೆಕೆಂಡಿಗೆ 14.4 ಗಿಗಾಬಿಟ್. 4ಕೆ, 60 ಹರ್ಟ್ಸ್, 8 ಬಿಟ್ ಚಿತ್ರವೊಂದೇ 14 ದಾಟುತ್ತದೆ. 10 ಬಿಟ್ ಕೇಳಿದರೆ ಬೇಕಾಗುವುದು ಸುಮಾರು 18. ಜಾಗವಿಲ್ಲದಿದ್ದಾಗ ಗ್ರಾಫಿಕ್ಸ್ ಕಾರ್ಡ್ ಸದ್ದಿಲ್ಲದೆ 8ಕ್ಕೆ ಇಳಿಯುತ್ತದೆ, ಇಲ್ಲವೇ ಬಣ್ಣದ ವಿವರವನ್ನು ಅರ್ಧ ಮಾಡಿ ಕಳಿಸುತ್ತದೆ. ಮಾನಿಟರಿನ ಹಿಂದೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿ ಸಾಮಾನ್ಯವಾಗಿ ಇರುತ್ತದೆ. ಆ ತಂತಿ ಹಾಕಿ, ಕಾರ್ಡಿನ ಸೆಟ್ಟಿಂಗಿನಲ್ಲಿ 10 ಬಿಟ್ ಆರಿಸಿ, ಫೋಟೊಶಾಪ್‌ನ ಆದ್ಯತೆಗಳಲ್ಲಿ ಗ್ರಾಫಿಕ್ಸ್‌ಗೆ ಸಂಬಂಧಿಸಿದ ‘30 ಬಿಟ್ ಡಿಸ್‌ಪ್ಲೇ’ಗೆ ಗುರುತು ಹಾಕಿ. ಖರ್ಚು ಒಂದು ತಂತಿಯಷ್ಟೇ. ವೃತ್ತಿಪರ ಕಾರ್ಡ್ ಬೇಕೆಂಬುದು ಒಂದು ಕಾಲಕ್ಕೆ ನಿಜವಾಗಿತ್ತು. ಫೋಟೊಶಾಪ್‌ನಂಥ ಸಾಫ್ಟ್‌ವೇರ್‌ಗಳಿಗೆ ಎನ್ವಿಡಿಯಾ 10 ಬಿಟ್ ಕೊಡುತ್ತಿದ್ದದ್ದು ದುಬಾರಿ ಕ್ವಾಡ್ರೊ ಕಾರ್ಡುಗಳಲ್ಲಿ ಮಾತ್ರ. 2019ರ ಜುಲೈನಲ್ಲಿ ಬಂದ ಸ್ಟುಡಿಯೊ ಡ್ರೈವರ್ ಅದನ್ನು ಸಾಮಾನ್ಯ ಜಿಫೋರ್ಸ್ ಕಾರ್ಡುಗಳಿಗೂ ಕೊಟ್ಟಿತು. ಮಾರುವವರ ಮಾತಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಇಷ್ಟು ಮಾಡಿದ ಮೇಲೂ ನಿಮ್ಮ ಗಿರಾಕಿ ನೋಡುವುದು 8 ಬಿಟ್‌ನ ಜೆಪೆಗ್, ಅದೂ ವಾಟ್ಸ್‌ಆ್ಯಪ್ ಇನ್ನೊಮ್ಮೆ ಹಿಂಡಿದ್ದು. ಹಾಗಾಗಿ 10 ಬಿಟ್ ನಿಮ್ಮ ಕಣ್ಣಿನ ಸುಖಕ್ಕೆ, ತಿದ್ದುವಾಗಿನ ಭರವಸೆಗೆ. ಅಂಗಡಿಗೆ ಅದರಿಂದ ಕಾಸಿನ ಲಾಭವಿಲ್ಲ.

ಅಂಗಡಿಯನ್ನು ಕಾಡುತ್ತಿರುವುದು ಎರಡನೆಯ ತಲೆನೋವು. ಸೀರೆಯ ಫೈಲ್ ಎಸ್‌ಆರ್‌ಜಿಬಿಯಲ್ಲಿದೆ. ಅದರಲ್ಲಿನ ಅಪ್ಪಟ ಕೆಂಪಿನ ಅಂಕಿ 255, 0, 0. ಬಣ್ಣದ ಪ್ರೊಫೈಲ್ (ಫೈಲಿನ ಅಥವಾ ಪರದೆಯ ಹರವು ಯಾವುದೆಂದು ಹೇಳುವ ಚೀಟಿ) ಓದಬಲ್ಲ ಫೋಟೊಶಾಪ್‌ನಂಥ ಸಾಫ್ಟ್‌ವೇರ್, ‘ಈ ಪರದೆ ಪಿ3, ಇಲ್ಲಿ ಅಷ್ಟು ಜೋರು ಬೇಡ’ ಎಂದು ಅದನ್ನು 234, 51, 35ಕ್ಕೆ ಬದಲಿಸಿ ಕಳಿಸುತ್ತದೆ. ಆಗ ಕೆಂಪು ಕೆಂಪಾಗಿಯೇ ಕಾಣುತ್ತದೆ. ಪ್ರೊಫೈಲ್ ಎಂದರೇನೆಂದೇ ತಿಳಿಯದ ಸಾಫ್ಟ್‌ವೇರ್ 255, 0, 0ನ್ನು ಹಾಗೆಯೇ ತಳ್ಳುತ್ತದೆ. ಪರದೆ ತನ್ನ ಕೊನೆಯ ಕೆಂಪನ್ನು ಹೊತ್ತಿಸುತ್ತದೆ. ನೀವು ಕಂಡ ಕೆಂಡ ಅದೇ. ಅದನ್ನು ನಂಬಿ ಬಣ್ಣ ಇಳಿಸಿದರೆ ಗಿರಾಕಿಗೆ ಹೋಗುವ ಫೋಟೊ ಬಾಡಿರುತ್ತದೆ.

ಈ ತಪ್ಪನ್ನು ನಾನೂ ತಿರುಗುಮುರುಗಾಗಿ ಮಾಡಿದ್ದೇನೆ. ಮೊದಲ ಅಗಲ ಹರವಿನ ಮಾನಿಟರ್ ಕೊಂಡ ಹೊಸತರಲ್ಲಿ ಒಂದಿಡೀ ಮದುವೆ ಆಲ್ಬಮನ್ನು ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟು ಮುದ್ರಣಕ್ಕೆ ಕಳಿಸಿದೆ. ಅಲ್ಲಿನ ಯಂತ್ರ ಎಲ್ಲವನ್ನೂ ಎಸ್‌ಆರ್‌ಜಿಬಿ ಎಂದೇ ಓದುತ್ತಿತ್ತು. ವಧುವಿನ ಧಾರೆ ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಮುಖಗಳು ಬೂದಿ ಬಳಿದ ಹಾಗೆ ಬಂದವು. ನಲವತ್ತು ಪುಟ ಮತ್ತೆ ಮುದ್ರಿಸಿದ್ದು ನನ್ನ ಕೈಯಿಂದ.

ಆದ್ದರಿಂದ ಸೀರೆಯ ಕೆಲಸಕ್ಕೆ ಕೂರುವಾಗ ಮಾನಿಟರಿನ ಗುಂಡಿ ಒತ್ತಿ ಎಸ್‌ಆರ್‌ಜಿಬಿ ಮೋಡ್‌ಗೆ ಹೋಗಿ. ಪನ್ನ ಕಿರಿದಾಗುತ್ತದೆ, ಎಲ್ಲ ಸಾಫ್ಟ್‌ವೇರ್‌ಗಳೂ ಒಂದೇ ಮಾತು ಆಡುತ್ತವೆ. ಕೆಲವು ಮಾನಿಟರುಗಳು ಈ ಮೋಡ್‌ನಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡಲು ಬಿಡುವುದಿಲ್ಲ, ಅದೊಂದು ಕಿರಿಕಿರಿ. ಹಾಗಿದ್ದರೆ ಪಿ3ಯಲ್ಲೇ ಇದ್ದು, ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಯಂತ್ರದಿಂದ ಪ್ರೊಫೈಲ್ ಮಾಡಿಸಿಕೊಂಡು, ಪ್ರೊಫೈಲ್ ಓದಬಲ್ಲ ಸಾಫ್ಟ್‌ವೇರ್‌ನಲ್ಲಿ ಮಾತ್ರ ಬಣ್ಣ ನೋಡುವ ಶಿಸ್ತು ಬೇಕು. ಆ ಶಿಸ್ತು ಅಂಗಡಿಯ ಗಡಿಬಿಡಿಯಲ್ಲಿ ಉಳಿಯುವುದನ್ನು ನಾನು ಕಂಡಿಲ್ಲ.

ಕ್ಯಾಲಿಬ್ರೇಟರ್ ಕುರಿತು ಒಂದು ಎಚ್ಚರಿಕೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ನಡೆಯುವ ತಿದ್ದುಪಡಿ ಇದ್ದ 256 ಎಳೆಗಳಲ್ಲೇ ಕೆಲವನ್ನು ಕಿತ್ತುಹಾಕುತ್ತದೆ. ಪರದೆ ನೀಲಿಗೆ ವಾಲಿದೆ ಎಂದು ಅಲ್ಲಿ ನೀಲಿಯನ್ನು ಹತ್ತಕ್ಕೊಂದು ಭಾಗ ಇಳಿಸಿದರೆ ಸುಮಾರು 25 ಮೆಟ್ಟಿಲು ಹೋದ ಹಾಗೆ. ಅದಕ್ಕೇ ಮೊದಲು ಮಾನಿಟರಿನ ಸ್ವಂತ ಮೆನುವಿನಲ್ಲಿ ಕೆಂಪು, ಹಸಿರು, ನೀಲಿಯನ್ನು ಹಗಲಿನ ಬಿಳುಪಾದ 6,500 ಕೆಲ್ವಿನ್ ಹತ್ತಿರಕ್ಕೆ, ಬೆಳಕನ್ನು 100ರಿಂದ 120 ನಿಟ್ಸ್‌ಗೆ ತಂದು, ಉಳಿದ ಚೂರುಪಾರನ್ನು ಮಾತ್ರ ಯಂತ್ರಕ್ಕೆ ಬಿಡಿ. ಹಳೆಯ ಕ್ಯಾಲಿಬ್ರೇಟರುಗಳು ಅಗಲ ಹರವಿನ ಹಿಂಬೆಳಕನ್ನು ತಪ್ಪಾಗಿ ಓದುತ್ತವೆ. ಸಾಫ್ಟ್‌ವೇರಿನಲ್ಲಿ ನಿಮ್ಮ ಪರದೆಯ ಬೆಳಕಿನ ಬಗೆಯನ್ನು ಆರಿಸುವುದನ್ನು ಮರೆಯಬೇಡಿ. ಎಪ್ಪತ್ತು ಸಾವಿರದ ಮಾನಿಟರುಗಳಲ್ಲಿ ಕೆಲವು ಈ ತಿದ್ದುಪಡಿಯನ್ನು ತಮ್ಮೊಳಗೇ 14 ಅಥವಾ 16 ಬಿಟ್‌ನಲ್ಲಿ ಮಾಡಿಕೊಳ್ಳುತ್ತವೆ. ಅದು ನಿಜವಾದ ಅನುಕೂಲ. ಕಲಾಕೃತಿಗಳ ಮುದ್ರಣ, ಎಚ್‌ಡಿಆರ್ ವಿಡಿಯೊ ಮಾಡುವವರಾಗಿದ್ದರೆ ನಾನೇ ಕೊಳ್ಳಿ ಎನ್ನುತ್ತಿದ್ದೆ.

ಮಾನಿಟರ್ ಸರಿಹೋದರೂ ಒಂದೆರಡು ಸೀರೆ ಹಟ ಮಾಡುತ್ತವೆ. ನಿಮ್ಮ ಎರಡನೆಯ ಫೈಲಿನ ಮೆರೂನ್ ಸೀರೆಯನ್ನು ಹಿಗ್ಗಿಸಿ ನೋಡಿದೆ. ಸೆರಗಿನ ಜರಿ ಹೂವಿನ ಸುತ್ತ ಕೆಂಪಿನ ಚಾನೆಲ್ ಪೂರ್ತಿ 255ಕ್ಕೆ ಹೋಗಿ ಬಡಿದಿದೆ. ಅಲ್ಲಿ ನೆರಿಗೆ ಇಲ್ಲ, ನೂಲಿಲ್ಲ, ಬಣ್ಣ ಬಳಿದ ಗೋಡೆಯ ಹಾಗಿದೆ. ಒಟ್ಟು ಹಿಸ್ಟೋಗ್ರಾಮ್ ಸರಿಯಾಗಿ ಕಂಡಿದ್ದರಿಂದ ನಿಮಗೆ ಗೊತ್ತಾಗಿಲ್ಲ. ಕೆಂಪೊಂದನ್ನೇ ಬೇರೆಯಾಗಿ ತೆರೆದರೆ ಕಾಣುತ್ತದೆ. ಫೋಟೊ ತೆಗೆಯುವಾಗಲೇ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ. ರಾಮಾ ಗ್ರೀನ್‌ನಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ: ಆ ಕಡು ನೀಲಿಹಸಿರು ಎಸ್‌ಆರ್‌ಜಿಬಿಯ ಅತಿ ಬಡ ಮೂಲೆ, ಕೆಂಪಿನ ಚಾನೆಲ್ ಸೊನ್ನೆಗೆ ಹೋಗಿ ಅಂಟಿಕೊಳ್ಳುತ್ತದೆ. ಪಿ3ಯೂ ಅಲ್ಲಿ ಹೆಚ್ಚು ನೆರವಾಗುವುದಿಲ್ಲ. ಫೋಟೊಶಾಪ್‌ನಲ್ಲಿ ಎಸ್‌ಆರ್‌ಜಿಬಿ ಪ್ರೂಫ್ (ಆ ಹರವಿನಲ್ಲಿ ಚಿತ್ರ ಹೇಗೆ ಕಾಣುತ್ತದೆಂಬ ಮುನ್ನೋಟ) ಹಾಕಿಕೊಂಡು ಆ ಒಂದು ಬಣ್ಣದ ಗಾಢತೆಯನ್ನು ಮಾತ್ರ, ನೆರಿಗೆ ಮತ್ತೆ ಕಾಣುವವರೆಗೆ, ಇಳಿಸಿ. ಬಣ್ಣ ಚೂರು ಸಪ್ಪೆಯಾದರೂ ಬಟ್ಟೆ ಬಟ್ಟೆಯಂತೆ ಕಾಣುತ್ತದೆ.

ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಸೀರೆಗೆ ಬಿಟ್ಟೂ ನೆರವಾಗದು, ಹರವೂ ನೆರವಾಗದು. ಅದು ಓರೆ ತಿರುಗಿದಂತೆ ಬಣ್ಣ ಬದಲಿಸುವ ಬಟ್ಟೆ. ಒಂದು ಫೋಟೊ ಅದರ ಒಂದು ಮುಖವನ್ನಷ್ಟೇ ಹಿಡಿಯುತ್ತದೆ. ಮಡಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೊ ಕಳಿಸಿ. ಅಂಗಡಿಯ ಅಗ್ಗದ ಎಲ್ಇಡಿ ಟ್ಯೂಬಿನ ಕೆಳಗೆ ಮಾತ್ರ ತೆಗೆಯಬೇಡಿ. ಅಂಥ ಬೆಳಕಿನಲ್ಲಿ ಗಾಢ ಕೆಂಪಿನ ಅಂಶವೇ ಕಡಿಮೆ ಇರುತ್ತದೆ. ಕುಂಕುಮದ ಕೆಂಪು ಕಂದುಗಟ್ಟುತ್ತದೆ, ನೀವು ಅದನ್ನು ಸರಿಮಾಡಲು ಹೋಗಿ ಪಕ್ಕದ ಬಣ್ಣವನ್ನೂ ಕೆಡಿಸುತ್ತೀರಿ. ಬೆಳಗಿನ ಹೊತ್ತು ಪಡಸಾಲೆಯ ನೆರಳು ಸಾಕು, ಮೊದಲ ಚಿತ್ರದಲ್ಲಿ ಬಣ್ಣ ಹೊಂದಿಸಲು ಒಂದು ಬೂದು ಕಾರ್ಡ್ ಇರಲಿ.

ಕಳಿಸುವ ಫೋಟೊ ಯಾವಾಗಲೂ ಎಸ್‌ಆರ್‌ಜಿಬಿಯಲ್ಲೇ ಇರಲಿ. ದಾರಿಯಲ್ಲಿ ಪ್ರೊಫೈಲ್ ಕಳಚಿಹೋದರೂ ಪ್ರೊಫೈಲ್ ಇಲ್ಲದ ಚಿತ್ರವನ್ನು ಸಾಮಾನ್ಯವಾಗಿ ಎಲ್ಲರೂ ಎಸ್‌ಆರ್‌ಜಿಬಿ ಎಂದೇ ಓದುವುದು. ಗಿರಾಕಿಯ ಫೋನ್ ‘ವಿವಿಡ್’ ಮೋಡ್‌ನಲ್ಲಿದ್ದರೆ ನೀವೂ ನಾನೂ ಏನೂ ಮಾಡಲಾಗದು. ‘ನ್ಯಾಚುರಲ್‌ಗೆ ಹಾಕಿ ನೋಡಿ’ ಎಂದು ಫೋಟೊದ ಕೆಳಗೆ ಒಂದು ಸಾಲು ಬರೆಯಬಹುದು.

ವಾಪಸ್ ಬಂದ ನಾಲ್ಕರಲ್ಲಿ ಯಾವುದನ್ನೂ ಇನ್ನೂ ಮಾರದಿದ್ದರೆ, ದಾವಣಗೆರೆ ಕಡೆ ಬರುವಾಗ ಒಂದನ್ನು ತನ್ನಿ. ಅದರ ಪಕ್ಕದಲ್ಲೇ ನಿಮ್ಮ ಫೈಲ್ ತೆರೆದು ನೋಡೋಣ. ಮಾನಿಟರನ್ನು ಹೊತ್ತು ತರಬೇಡಿ. ಹಿಂದಿರುಗುವಾಗ ನನ್ನ ಕ್ಯಾಲಿಬ್ರೇಟರನ್ನು ಎರಡು ದಿನಕ್ಕೆ ಒಯ್ಯಿರಿ.